ಸೂಯೆಜ್ 1956: ಬೂದಿಯಾಗದ ಒಪ್ಪಂದ

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ಜಮಾಲ್ ಅಬ್ದುಲ್ ನಾಸಿರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣ ಮಾಡುತ್ತಿದ್ದರು. ಸೂಯೆಜ್ ಕಾಲುವೆಯನ್ನು ಕಟ್ಟಿಸಿದ ಫ್ರೆಂಚ್ ವ್ಯಕ್ತಿ ಡಿ ಲೆಸೆಪ್ಸ್‌ನ ಹೆಸರು ಅದರಲ್ಲಿ ಮತ್ತೆ ಮತ್ತೆ ಬಂತು. ನೆರೆದ ಜನರಿಗೆ ಅದು ಬರೀ ಹೆಸರು. ರೇಡಿಯೋ ಮುಂದೆ ಕಾದಿದ್ದ ಈಜಿಪ್ಟಿನ ತಂಡಗಳಿಗೆ ಅದೇ ಸಂಕೇತ. ಅಂದು ರಾತ್ರಿಯೇ ಕಾಲುವೆ ಕಂಪೆನಿ ಅವರ ವಶವಾಯಿತು.

ಒಂದು ವಾರದ ಹಿಂದಷ್ಟೇ ಅಮೆರಿಕವು ಅಸ್ವಾನ್ ಅಣೆಕಟ್ಟಿಗೆ ಕೊಡುವುದಾಗಿ ಹೇಳಿದ್ದ ನೆರವನ್ನು ಹಿಂತೆಗೆದುಕೊಂಡಿತ್ತು. ಬ್ರಿಟನ್ ಅದನ್ನೇ ಅನುಸರಿಸಿತ್ತು. ಕಾಲುವೆಯ ಆದಾಯದಿಂದಲೇ ಅಣೆಕಟ್ಟು ಕಟ್ಟುತ್ತೇವೆ ಎಂಬುದು ನಾಸಿರ್‌ರ ಉತ್ತರವಾಗಿತ್ತು. 1869ರಲ್ಲಿ ತೆರೆದ ಈ ಕಾಲುವೆ ಈಜಿಪ್ಟಿನ ನೆಲದಲ್ಲಿ, ಈಜಿಪ್ಟಿನ ಕೂಲಿಗಳ ಬೆವರಿನಿಂದ ಆದದ್ದು. ಆದರೆ ಕಂಪೆನಿಯ ಶೇ. 44ರಷ್ಟು ಷೇರುಗಳು ಬ್ರಿಟಿಷ್ ಸರಕಾರದ ಕೈಯಲ್ಲಿದ್ದವು. ಷೇರುದಾರರಿಗೆ ಪರಿಹಾರ ನೀಡುವುದಾಗಿ ನಾಸಿರ್ ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ಯುರೋಪಿನ ಪೈಲಟರು ಕೆಲಸ ಬಿಟ್ಟು ಹೋದರೂ ಹಡಗುಗಳ ಸಂಚಾರ ನಿಲ್ಲಲಿಲ್ಲ.

ಹಾಗಾದರೆ ಯುದ್ಧಕ್ಕೆ ಕಾರಣವೆಲ್ಲಿ? ಇಲ್ಲದ ಕಾರಣವನ್ನು ಸೃಷ್ಟಿಸಲಾಯಿತು. ಅಕ್ಟೋಬರ್ 22ರಿಂದ 24ರವರೆಗೆ ಪ್ಯಾರಿಸ್ ಬಳಿಯ ಸೆವ್ರ್ ಎಂಬಲ್ಲಿ ಒಂದು ಮನೆಯೊಳಗೆ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲಿನ ಪ್ರತಿನಿಧಿಗಳು ಗುಟ್ಟಾಗಿ ಸೇರಿದರು. ಇಸ್ರೇಲ್ ಸಿನಾಯ್ ಮೇಲೆ ದಾಳಿ ಮಾಡಬೇಕು. ಬಳಿಕ ಬ್ರಿಟನ್ ಮತ್ತು ಫ್ರಾನ್ಸ್ ಜಗಳ ಬಿಡಿಸುವವರಂತೆ ಬಂದು, ಇಬ್ಬರೂ ಕಾಲುವೆಯಿಂದ ಹಿಂದೆ ಸರಿಯಿರಿ ಎನ್ನಬೇಕು. ಈಜಿಪ್ಟ್ ಒಪ್ಪದಿದ್ದರೆ ಬಾಂಬು ಹಾಕಬೇಕು. ಎಲ್ಲವೂ ಹಾಗೆಯೇ ನಡೆಯಿತು. 29ರಂದು ದಾಳಿ, 30ರಂದು ಎಚ್ಚರಿಕೆ, 31ರಂದು ಬಾಂಬು.

ಸೈನಿಕ ಲೆಕ್ಕದಲ್ಲಿ ಅವರು ಗೆದ್ದರು. ಪೋರ್ಟ್ ಸಯೀದ್‌ನಲ್ಲಿ ನಾಗರಿಕರು ಪ್ರಾಣ ತೆತ್ತರು. ಈಜಿಪ್ಟಿನಲ್ಲಿ ತಲೆಮಾರುಗಳಿಂದ ಬಾಳಿದ್ದ ಸಾವಿರಾರು ಯಹೂದಿಗಳೂ ನಾಸಿರ್ ಸರಕಾರದ ಕ್ರಮಗಳಿಂದ ಮನೆಮಾರು ಕಳಕೊಂಡು ದೇಶ ಬಿಡಬೇಕಾಯಿತು. ಯುದ್ಧದ ಬೆಲೆಯನ್ನು ನಿರ್ಧಾರ ಕೈಗೊಂಡವರು ತೆರುವುದಿಲ್ಲ.

ರಾಜಕೀಯವಾಗಿ ಮಾತ್ರ ಸೋಲು ಬೇಗನೆ ಬಂತು. ತನಗೆ ತಿಳಿಸದೆ ನಡೆಸಿದ ಈ ಸಾಹಸದಿಂದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಿಟ್ಟಾದರು. ಪೌಂಡ್ ಕುಸಿಯತೊಡಗಿದಾಗ ಕದನವಿರಾಮಕ್ಕೆ ಮೊದಲು ನೆರವಿಲ್ಲ ಎಂದರು. ಸೋವಿಯತ್ ಒಕ್ಕೂಟವೂ ಬೆದರಿಸಿತು. ಅದೇ ದಿನಗಳಲ್ಲಿ ತನ್ನ ಟ್ಯಾಂಕುಗಳು ಬುಡಾಪೆಸ್ಟನ್ನು ತುಳಿಯುತ್ತಿದ್ದುದು ಅದಕ್ಕೆ ಅಡ್ಡಿಯಾಗಲಿಲ್ಲ. ನವೆಂಬರ್ 6ರ ಮಧ್ಯರಾತ್ರಿ ಕದನವಿರಾಮ. ಬ್ರಿಟನ್ ಮತ್ತು ಫ್ರಾನ್ಸಿನ ಸೈನ್ಯಗಳು ಡಿಸೆಂಬರ್‌ನಲ್ಲಿ ಮರಳಿದವು. ಕಾವಲಿಗೆ ಬಂದ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಭಾರತದ ಸೈನಿಕರೂ ಇದ್ದರು.

ಬ್ರಿಟಿಷ್ ಪ್ರಧಾನಿ ಆಂಟನಿ ಈಡನ್ ಒಪ್ಪಂದದ ಪ್ರತಿಯನ್ನು ಇಲ್ಲವಾಗಿಸಿದರು. ಇಸ್ರೇಲ್ ದಾಳಿ ಮಾಡುವುದು ಮೊದಲೇ ತಿಳಿದಿರಲಿಲ್ಲವೆಂದು ಡಿಸೆಂಬರ್ 20ರಂದು ಸಂಸತ್ತಿನಲ್ಲೇ ಹೇಳಿದರು. ಮರುತಿಂಗಳು ರಾಜೀನಾಮೆ ಕೊಟ್ಟರು. ಆದರೆ ಇಸ್ರೇಲಿನ ಬಳಿ ಒಂದು ಪ್ರತಿ ಉಳಿದಿತ್ತು. ಈಡನ್‌ರ ಸರಕಾರದಲ್ಲಿ ಸಚಿವರಾಗಿದ್ದ ಆಂಟನಿ ನಟ್ಟಿಂಗ್ ಯುದ್ಧವನ್ನು ವಿರೋಧಿಸಿ ಹುದ್ದೆ ತೊರೆದಿದ್ದರು. 1967ರಲ್ಲಿ ಒಳಗಿನ ಕಥೆಯನ್ನು ಅವರೇ ಬರೆದರು.

ಸಾಮ್ರಾಜ್ಯಗಳು ಕೇವಲ ರಣರಂಗದಲ್ಲಿ ಸೋಲುವುದಿಲ್ಲ. ತನ್ನ ಜನರ ಮುಂದೆ ಹೇಳಲಾಗದ ಕಾರಣಕ್ಕಾಗಿ ಒಂದು ಸರಕಾರ ಯುದ್ಧಕ್ಕೆ ಹೊರಟರೆ, ಸೋಲು ಅಲ್ಲೇ ಆರಂಭವಾಗಿರುತ್ತದೆ. ಸಾಮೂಹಿಕ ವಿನಾಶದ ಅಸ್ತ್ರಗಳ ಹೆಸರಿನಲ್ಲಿ 2003ರಲ್ಲಿ ಇರಾಕಿನ ಮೇಲೆ ಬಾಂಬು ಸುರಿಸಿದವರಿಗೆ ಆ ಅಸ್ತ್ರಗಳು ಸಿಗಲೇ ಇಲ್ಲ. ಸೂಯೆಜ್‌ನ ಪಾಠವನ್ನು ಅವರು ಓದಿರಲಿಲ್ಲವೆನ್ನಲಾದೀತೇ?