ಕಾಲು ತೊಳೆದು ಕೊಟ್ಟ ದಾನ

ಸಮಾಜದ ಕೆಲಸ ಮಾಡುವವರನ್ನು ನಂಬಿ ಹಣ ಕೊಡಬೇಕು, ಖರ್ಚಿನ ವಿವೇಚನೆಯನ್ನು ಅವರಿಗೇ ಬಿಡಬೇಕು ಎಂಬ ಮಾತು ಈಚೆಗೆ ದಾನಿಗಳ ನಡುವೆ ಹೊಸ ಶೋಧದಂತೆ ಓಡಾಡುತ್ತಿದೆ. ಅಮೆರಿಕದ ಮೆಕೆಂಜಿ ಸ್ಕಾಟ್ ತಮ್ಮ ದೊಡ್ಡ ಸಂಪತ್ತನ್ನು ಹೀಗೆ ಷರತ್ತಿಲ್ಲದೆ ಹಂಚತೊಡಗಿದ ಮೇಲೆ ಅದಕ್ಕೊಂದು ಮರ್ಯಾದೆಯೂ ಬಂದಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಚರಿತ್ರೆ ಬಲ್ಲವರಿಗೆ ಇದರಲ್ಲಿ ಅಂಥ ಹೊಸತೇನೂ ಕಾಣದು. ಯೋಜನೆಗಿಂತ ವ್ಯಕ್ತಿಯನ್ನು ನೋಡಿ ಕೊಡುವುದು ಇಲ್ಲಿ ಶತಮಾನಗಳ ರೂಢಿ. ಆದರೆ ಆ ರೂಢಿ ಫಲಿಸಿದ್ದು ಊರಿನ ಕಣ್ಣು ಅದರ ಮೇಲೆ ಇದ್ದಷ್ಟು ಕಾಲ ಮಾತ್ರ ಎಂಬುದು ನನ್ನ ವಾದ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಆಳಂದೆ ಸಾಸಿರ ಎಂಬುದೊಂದು ಆಡಳಿತ ಪ್ರಾಂತವಾಗಿತ್ತು. ಆ ಕಾಲದ ದಾನಶಾಸನಗಳ ನಡಾವಳಿ ಗಮನಿಸಿ. ಅರಸನೋ ದಂಡನಾಯಕನೋ ಮಠದ ಆಚಾರ್ಯರ ಕಾಲು ತೊಳೆದು, ಕೈಗೆ ನೀರೆರೆದು, ಇಷ್ಟು ಮತ್ತರು ಭೂಮಿ, ಒಂದು ಹೂದೋಟ, ಒಂದು ಗಾಣ ಎಂದು ಧಾರೆಯೆರೆಯುತ್ತಾನೆ. ಭೂಮಿಯ ನಾಲ್ಕು ಎಲ್ಲೆಗಳನ್ನು ಹಳ್ಳ, ಮರ, ನೆಟ್ಟ ಕಲ್ಲುಗಳ ಗುರುತು ಹಿಡಿದು ಚೊಕ್ಕವಾಗಿ ಕೊರೆಸುತ್ತಾನೆ. ಖರ್ಚಿನ ವಿಷಯ ಬಂದಾಗ ಮಾತ್ರ ದೇವರ ಅಂಗಭೋಗ, ಜೀರ್ಣೋದ್ಧಾರ, ತಪೋಧನರ ಆಹಾರದಾನ, ವಿದ್ಯಾದಾನ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದೇ ಹೆಚ್ಚು. ಇಂದು ಸಂಸ್ಥೆಯವರು ದಾನಿಯ ಕಚೇರಿಯ ಬಾಗಿಲಲ್ಲಿ ಕಾಯುತ್ತಾರೆ. ಅಂದು ಕೊಡುವವನೇ ಬಾಗುತ್ತಿದ್ದ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ನೋಡಿದರೆ ಹೀಗೆ ನಂಬಿ ಕೊಟ್ಟದ್ದರ ಫಲ ತಿಳಿಯುತ್ತದೆ: ಪಾಠ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಎಲ್ಲವೂ ಒಂದೇ ಮಠದಲ್ಲಿ. ಎಲ್ಲ ದಾನಗಳೂ ಹೀಗಿರಲಿಲ್ಲ, ನಿಜ. ನೆರೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರಕ್ಕೆ ಸಂಬಂಧಿಸಿದ 1058ರ ಶಾಸನ ಉಪಾಧ್ಯಾಯರು, ವಿದ್ಯಾರ್ಥಿಗಳು, ಆರು ಜನ ಸರಸ್ವತೀ ಭಂಡಾರಿಗರು (ಗ್ರಂಥಪಾಲಕರು) ಎಂದು ಲೆಕ್ಕ ಹಾಕಿ ಹಂಚುತ್ತದೆ. ಆದರೂ ಅಲ್ಲಿ ಹಂಚಿಕೆಯ ಬಹುಪಾಲು ಹೋದದ್ದು ಮನುಷ್ಯರ ಜೀವನಕ್ಕೆ. ಗ್ರಂಥಪಾಲಕರ ಹೊಟ್ಟೆಪಾಡನ್ನು ಆಡಳಿತ ವೆಚ್ಚವೆಂದು ತಳ್ಳಿಹಾಕುವ ಜಾಣತನ ಆಗಿನವರಿಗೆ ಹೊಳೆದಿರಲಿಲ್ಲ.

ಅರಸರ ಮಾತಾಯಿತು; ರೈತರ ದಾನ ಇನ್ನೂ ಸ್ವಾರಸ್ಯದ್ದು. ಕಲಬುರಗಿಯ ಶರಣಬಸವೇಶ್ವರರು (1746-1822) ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಒಕ್ಕಲುತನದ ಮನೆ. ಬಂದವರಿಗೆಲ್ಲ ಉಣಬಡಿಸುವ ಅವರ ದಾಸೋಹ ಹೊಲದ ಬೆಳೆಯ ಮೇಲೆ ನಿಂತಿತ್ತು. ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಡುತ್ತಿದ್ದರೆಂದು ಈ ಭಾಗದ ಜನ ಇವತ್ತಿಗೂ ಹೇಳುತ್ತಾರೆ. ಭಕ್ತರು ತಂದೊಪ್ಪಿಸಿದ ಕಾಳುಕಡಿಗೆ ಯಾರೂ ಬಳಕೆ ಪ್ರಮಾಣಪತ್ರ ಕೇಳಲಿಲ್ಲ. ಅದೇ ಪರಂಪರೆ ಮುಂದೆ ಹೆಣ್ಣುಮಕ್ಕಳ ಶಾಲೆ, ಕಾಲೇಜುಗಳತ್ತ ತಿರುಗಿ 2017ರಲ್ಲಿ ವಿಶ್ವವಿದ್ಯಾಲಯವನ್ನೂ ತೆರೆಯಿತು. ಈ ಕಾಳು ಅನ್ನಕ್ಕೆ ಮಾತ್ರ ಎಂದು ಕೊಟ್ಟವರು ಕಟ್ಟುಮಾಡಿದ್ದರೆ ದಾಸೋಹ ಶಾಲೆಯ ದಾರಿ ಹಿಡಿಯುವುದು ಕಷ್ಟವಿತ್ತು. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಮಧುಕರಿ ಭಿಕ್ಷೆಯಲ್ಲಂತೂ ನಂಬಿಕೆ ತುತ್ತತುದಿ ಮುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ದತ್ತಾವತಾರಿ ಎಂದು ಭಕ್ತರು ನಂಬುವ ನೃಸಿಂಹ ಸರಸ್ವತಿಗಳು ಯಾವ ವೇಷದಲ್ಲಾದರೂ ಭಿಕ್ಷೆಗೆ ಬಂದಾರು ಎಂಬ ಶ್ರದ್ಧೆಯಿಂದ, ಜೋಳಿಗೆ ಒಡ್ಡಿದವರು ಯಾರೆಂದು ವಿಚಾರಿಸದೆ ನೀಡುತ್ತಾರೆ.

ಇಷ್ಟಕ್ಕೇ ಹಳೆಯ ಕಾಲವನ್ನು ಹೊಗಳಿ ಕೂರುವ ಹಾಗಿಲ್ಲ. ಅರಸ ಧಾರೆಯೆರೆದ ಭೂಮಿಯಲ್ಲಿ ಬೆವರು ಸುರಿಸಿದವನು ಒಕ್ಕಲಿಗ; ದಾನದ ಮಾತಿನಲ್ಲಿ ಅವನನ್ನು ಕೇಳಿದವರಿಲ್ಲ. ವಿದ್ಯಾದಾನದ ಫಲ ಉಂಡವರಲ್ಲಿ ಕೆಳಜಾತಿಯವರೂ ಹೆಂಗಸರೂ ಎಷ್ಟಿದ್ದರೆಂದು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಆಚಾರ್ಯ, ಒಬ್ಬ ಸೂಫಿಯ ಯೋಗ್ಯತೆ ನೋಡಿ ಕೊಟ್ಟದ್ದು ತಲೆಮಾರು ಉರುಳಿದಂತೆ ಇನಾಮಾಗಿ, ವಾರಸುದಾರರ ಆಸ್ತಿಯಾಯಿತು; ಕೊನೆಗೆ ಹೈದರಾಬಾದ್ ರಾಜ್ಯದಲ್ಲಿ ಜಹಗೀರುಗಳನ್ನು 1949ರಲ್ಲಿ, ಇನಾಮುಗಳನ್ನು 1955ರಲ್ಲಿ ಕಾನೂನಿನಿಂದಲೇ ರದ್ದು ಮಾಡಬೇಕಾಯಿತು. ನಂಬಿ ಕೊಟ್ಟರೆ ಆಗುವುದು ಇದೇ ಎನ್ನುವವರಿಗೆ ನನ್ನ ಉತ್ತರ ಶಾಸನಗಳಲ್ಲೇ ಇದೆ. ಕಾಳಾಮುಖ ಶೈವರ ಮಠಗಳ ಎಷ್ಟೋ ಶಾಸನಗಳು ಸ್ಥಾನದಲ್ಲಿ ಕೂರುವವನು ನೈಷ್ಠಿಕ ಬ್ರಹ್ಮಚಾರಿಯಾಗಿರಬೇಕು, ಅಲ್ಲದವನನ್ನು ಊರವರು ಎಬ್ಬಿಸಿ ಕಳಿಸಬಹುದು ಎನ್ನುತ್ತವೆ. ಷರತ್ತು ಇದ್ದದ್ದು ಮನುಷ್ಯನ ನಡತೆಗೆ, ಖರ್ಚಿನ ಬಾಬತ್ತಿಗೆ ಕಡಿಮೆ. ಬ್ರಹ್ಮಚರ್ಯದ ಕಟ್ಟಳೆ ಸಡಿಲಿ ಸ್ಥಾನ ವಂಶದ ಕೈಗೆ ಹೋದಲ್ಲೆಲ್ಲ ಊರಿಗೆ ಎಬ್ಬಿಸುವ ಅಧಿಕಾರವೂ ಉಳಿಯಲಿಲ್ಲ. ಕೆಟ್ಟದ್ದು ನಂಬಿಕೆಯಿಂದಲ್ಲ, ಅದು ವಂಶಪಾರಂಪರ್ಯವಾದದ್ದರಿಂದ.

ಈಗಿನ ದಾನ ತದ್ವಿರುದ್ಧ ತುದಿಗೆ ಹೋಗಿದೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ದೊಡ್ಡ ಸಂಸ್ಥೆ ಆ ಹಣದಲ್ಲಿ ಚಿಕ್ಕ ಸಂಸ್ಥೆಗೆ ಪಾಲು ಕೊಡುವುದನ್ನೂ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳು ಮುಳುಗಿದವು. ಹೊಲಿಗೆ ತರಬೇತಿಗೆಂದು ಬಂದ ದುಡ್ಡಿನಲ್ಲಿ ಅಂಥ ಹೊತ್ತು ಅಕ್ಕಿ ಕೊಂಡರೆ ಅದು ನಿಯಮಭಂಗ. ಗುಳೆ ಹೋಗುವವರ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡುವವರಿಗೆ, ತೊಗರಿ ಒಣಗಿದ ವರ್ಷ ಸಾಲಗಾರರ ಜೊತೆ ನಿಲ್ಲುವವರಿಗೆ, ಬೇಕಾದದ್ದು ಮೊದಲು ತಮ್ಮದೇ ತಿಂಗಳ ಸಂಬಳ. ದೇಶದೊಳಗಿನ ದಾನಿಗಳಿಗೆ ಶೇ. 20ರ ಮಿತಿ ಅನ್ವಯಿಸುವುದಿಲ್ಲ. ಮಠಕ್ಕೆ ರಸೀದಿ ಕೇಳದೆ ಚೀಲಗಟ್ಟಲೆ ತೊಗರಿ ಕೊಡುವ ವ್ಯಾಪಾರಿಗಳು, ಬೆಂಗಳೂರು ಮುಂಬೈಗಳಲ್ಲಿ ನೆಲೆನಿಂತ ಈ ಸೀಮೆಯವರು, ದಲಿತ ಕೇರಿಯಲ್ಲಿ ಸಂಘ ಕಟ್ಟುವ ಹೆಣ್ಣುಮಗಳನ್ನೂ ಅಷ್ಟೇ ನಂಬಿ ಮೂರು ವರ್ಷದ ಖರ್ಚು ಒಟ್ಟಿಗೆ ಕೊಡಲಿ. ಲೆಕ್ಕವನ್ನು ಆಕೆ ತನ್ನ ಊರಿನ ಗ್ರಾಮಸಭೆಯಲ್ಲಿ ಓದಲಿ.