ವರಾಂಡದ ಮಾತು

ರೆಸಿಡೆನ್ಸಿಯ ಮೊದಲ ತಿಂಗಳು. ಹಿರಿಯ ವೈದ್ಯರೊಬ್ಬರ ಹಿಂದೆ ವಾರ್ಡಿಗೆ ಹೋಗಿದ್ದೆ. ಅವರು ಕುರ್ಚಿ ಎಳೆದುಕೊಂಡು ರೋಗಿಯ ಪಕ್ಕ ಕುಳಿತು, "ನಿಮಗೆ ಕ್ಯಾನ್ಸರ್ ಇದೆ" ಎಂದು ನೇರವಾಗಿ ಹೇಳಿಬಿಟ್ಟರು. ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ನಮ್ಮೂರಿನಲ್ಲಾಗಿದ್ದರೆ ಮಗನನ್ನೋ ಅಳಿಯನನ್ನೋ ವರಾಂಡಕ್ಕೆ ಕರೆದು ದನಿ ತಗ್ಗಿಸಿ ಹೇಳುವ ಮಾತು ಅದು. ಇವರದು ಎಂಥ ಕಲ್ಲು ಮನಸ್ಸಪ್ಪ ಎಂದುಕೊಂಡೆ. ಅಮೆರಿಕದವರ ಹುಟ್ಟುಗುಣವೇ ಹೀಗೆ ಎಂದು ಬಹಳ ವರ್ಷ ನಂಬಿಯೂ ಇದ್ದೆ.

ಆಮೇಲೆ ಓದಿದಾಗ ತಿಳಿಯಿತು, ಇವರೂ ವರಾಂಡದವರೇ! ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ಹುಟ್ಟಿದಾಗಲೇ ವೈದ್ಯರಿಗೊಂದು ನೀತಿಸಂಹಿತೆ ಬರೆಯಿತು. ಅಪಾಯವಿದ್ದರೆ ರೋಗಿಯ ಆಪ್ತರಿಗೆ ತಿಳಿಸಿ, ತೀರಾ ಅನಿವಾರ್ಯವಾದರೆ ಮಾತ್ರ ರೋಗಿಗೆ ಎಂಬುದು ಅದರ ಬುದ್ಧಿವಾದ. 1961ರಲ್ಲಿ ಷಿಕಾಗೋದ ಡೊನಾಲ್ಡ್ ಓಕೆನ್ ಎಂಬ ವೈದ್ಯರು ತಮ್ಮ ಆಸ್ಪತ್ರೆಯ 219 ವೈದ್ಯರನ್ನು ವಿಚಾರಿಸಿದರು. ನೂರಕ್ಕೆ ಸುಮಾರು 90 ಮಂದಿ ಕ್ಯಾನ್ಸರ್ ವಿಷಯವನ್ನು ರೋಗಿಗೆ ಹೇಳದಿರುವುದೇ ವಾಸಿ ಎಂದಿದ್ದರು. ಅಂಥದ್ದೇ ಪ್ರಶ್ನೆಯನ್ನು 1979ರಲ್ಲಿ ರಾಚೆಸ್ಟರಿನಲ್ಲಿ ಕೇಳಿದಾಗ 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟೇ ವರ್ಷದಲ್ಲಿ ಇಡೀ ವೃತ್ತಿ ಮಗ್ಗುಲು ಬದಲಿಸಿತ್ತು.

ಕೀಮೋಥೆರಪಿ ಬಂದು ಕ್ಯಾನ್ಸರ್ ಎಂದರೆ ಸಾವೇ ಎಂಬ ಮಾತು ಸಡಿಲವಾದದ್ದು ಒಂದು ಕಾರಣ. 1957ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದು, ಪರೀಕ್ಷೆಯ ಮರುದಿನ ಕಾಲಿನ ಸ್ವಾಧೀನ ಕಳೆದುಕೊಂಡವನ ಮೊಕದ್ದಮೆಯಲ್ಲಿ, ಎಲ್ಲವನ್ನೂ ತಿಳಿಸಿ ಪಡೆಯುವ ಒಪ್ಪಿಗೆಯ ಮಾತೆತ್ತಿತ್ತು. ಆದರೆ ನನ್ನನ್ನು ಕಲಕಿದ್ದು ಅಲಬಾಮಾದ ಟಸ್ಕೀಗಿ. ಅಲ್ಲಿ 1932ರಿಂದ ಸರ್ಕಾರಿ ವೈದ್ಯರು ಸಿಫಿಲಿಸ್ ಇದ್ದ ಸುಮಾರು 400 ಬಡ ಕಪ್ಪು ಜನರಿಗೆ "ರಕ್ತ ಕೆಟ್ಟಿದೆ" ಎಂದಷ್ಟೇ ಹೇಳಿದರು. ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಏನು ಮಾಡುತ್ತದೆಂದು ನೋಡುತ್ತ ಕುಳಿತರು. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವವರೆಗೂ ಇದು ನಡೆಯಿತು. ಮರುವರ್ಷವೇ ಅಮೆರಿಕದ ಆಸ್ಪತ್ರೆಗಳ ಸಂಘ ರೋಗಿಗಳ ಹಕ್ಕುಪತ್ರವನ್ನು ಹೊರಡಿಸಿತು. ಆ ಕುರ್ಚಿ ಎಳೆದುಕೊಂಡವರ ನೇರಮಾತಿನ ಹಿಂದೆ ಇಷ್ಟೆಲ್ಲ ಇತ್ತು.

"ರಕ್ತ ಕೆಟ್ಟಿದೆ" ಎಂಬ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ನಮ್ಮ ತಂದೆಯವರಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ಮನೆಯವರೆಲ್ಲ ಸೇರಿ ಅಲ್ಸರ್ ಎಂದು ಹೇಳಿದ್ದೆವು. ಮೋಸವಲ್ಲ, ಪ್ರೀತಿಯೇ. ಆದರೂ ಅವರು ಒಂದು ರಾತ್ರಿ ಫೋನಿನಲ್ಲಿ, "ನೀನು ಡಾಕ್ಟರು, ನೀನಾದರೂ ನಿಜ ಹೇಳೋ" ಎಂದು ಕೇಳಿದರು. "ಏನಿಲ್ಲ ಅಪ್ಪ, ಬರೀ ಅಲ್ಸರು" ಎಂದೆ. ಅವರು ಮತ್ತೆ ಕೇಳಲಿಲ್ಲ.

ಈಗಲೂ ನಮ್ಮವರು ಯಾರಾದರೂ ವರಾಂಡದಲ್ಲಿ ನನ್ನನ್ನು ತಡೆದು, "ಡಾಕ್ಟ್ರೇ, ಅಮ್ಮನಿಗೆ ಮಾತ್ರ ಹೇಳಬೇಡಿ" ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಒಳಗೆ ಹೋಗಿ, "ಅಮ್ಮಾ, ರಿಪೋರ್ಟಿನ ವಿಷಯ ನಿಮಗೇ ಹೇಳಲಾ, ಮಗನಿಗೆ ಹೇಳಲಾ?" ಎಂದು ಕೇಳುತ್ತೇನೆ. "ಅವನಿಗೇ ಹೇಳಪ್ಪ" ಎನ್ನುವವರಿದ್ದಾರೆ. ಅದೂ ರೋಗಿಯ ಹಕ್ಕೇ, ಚಾರ್ಟಿನಲ್ಲಿ ಹಾಗೆಂದೇ ಬರೆಯುತ್ತೇನೆ. "ನನಗೇ ಹೇಳು" ಎಂದವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇನೆ.