ಕುದುರೆಯ ನೆಗೆತವೂ ರಾವುತನ ಆಸನವೂ

ನಗರದ ಬೀದಿಗಳಲ್ಲಿ ಕುದುರೆಯ ಗೊರಸಿನ ಸದ್ದು ಅಡಗಿ ಬಹುಕಾಲವಾಯಿತು. ಆದರೂ ಸವಾರಿಯ ಶಾಲೆಗಳಲ್ಲಿ ಎಳೆಯ ಮಕ್ಕಳು ತಟ್ಟುವಿನ ಬೆನ್ನೇರಿ ನೆಗೆತವನ್ನು ಕಲಿಯುವುದು ನಿಂತಿಲ್ಲ. ಅಲ್ಲಿ ಗುರುವಾದವನು ಮೊದಲು ನೆಲದ ಮೇಲೆ ಒಂದೆರಡು ಗಳುಗಳನ್ನಿರಿಸಿ ತಟ್ಟುವನ್ನು ದಾಟಿಸುತ್ತಾನೆ. ಅನಂತರ ಮೊಣಕಾಲೆತ್ತರಕ್ಕೂ ಕಡಮೆಯಾದ ಅಡ್ಡಗಳು. ರಿಕಾಪಿನ ಪಟ್ಟಿಯನ್ನು ಮೋಟುಮಾಡು, ಮುಂದಕ್ಕೆ ಬಾಗು, ಕುತ್ತಿಗೆಯ ಕೂದಲನ್ನು ಹಿಡಿ ಎಂಬುದೇ ಉಪದೇಶ. ಇಷ್ಟು ಸರಳವಾದ ಮಾತು ಐರೋಪ್ಯ ರಾವುತರಿಗೆ ಹೊಳೆಯಲು ಎಷ್ಟು ಕಾಲ ಹಿಡಿಯಿತು, ಅಷ್ಟರಲ್ಲಿ ಕುದುರೆಗಳು ಪಟ್ಟ ಪಾಡೇನು ಎಂಬುದನ್ನು ನಾವು ಈಗ ನೋಡೋಣ.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕ್ ಸೇನಾನಿ ಕ್ಸೆನೊಫನ್ ಅಶ್ವಾರೋಹಣವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ನೆಗೆಯಲರಿಯದ ಕುದುರೆಗೆ ಕಲಿಸುವ ಬಗೆ ಅದರಲ್ಲಿದೆ. ಯಜಮಾನನು ಹಗ್ಗವನ್ನು ಹಿಡಿದು ತಾನೇ ಮೊದಲು ಹಳ್ಳವನ್ನು ದಾಟಬೇಕು. ಆಮೇಲೆ ಕುದುರೆಯನ್ನು ಸೆಳೆಯಬೇಕು. ಅದು ಬಾರದಿದ್ದರೆ ಹಿಂದಿನಿಂದ ಒಬ್ಬನು ಚಬುಕಿನಿಂದ ಹೊಡೆಯಬೇಕು. ಈ ಚಬುಕು ನಮಗೆ ರುಚಿಸದು. ಆದರೆ ಮುಂದೆ ಅವನು ಹೇಳುವುದು ವಿವೇಕದ ಮಾತು: ಬೆನ್ನೇರಿ ಹಾರಿಸುವಾಗ ಸವಾರನು ಕುತ್ತಿಗೆಯ ಕೂದಲನ್ನು ಹಿಡಿಯಲಿ, ಕುದುರೆಗೆ ನೆಲದ ಕಷ್ಟದ ಜೊತೆಗೆ ಕಡಿವಾಣದ ಕಷ್ಟವೂ ಬೇಡ. ರಿಕಾಪೆಂಬುದೇ ಇಲ್ಲದ ಕಾಲದವನು ಇದನ್ನು ಕಂಡುಕೊಂಡಿದ್ದನೆಂಬುದು ಗಮನಾರ್ಹ.

ಆ ಬಳಿಕ ಶತಮಾನಗಳು ಕಳೆದುವು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಯಲುಗಳಿಗೆ ಬೇಲಿಗಳು ಹೆಚ್ಚುತ್ತ ಬಂದುವು. ನರಿಯ ಬೇಟೆಗೆ ಹೊರಟವರಿಗೆ ಬೇಲಿ ಹಾರುವುದು ಅನಿವಾರ್ಯವಾಯಿತು. ಆ ಕಾಲದ ಬೇಟೆಯ ಚಿತ್ರಗಳನ್ನು ನೋಡಿದವರು ಬಲ್ಲರು: ಸವಾರನು ಕಾಲನ್ನು ಮುಂದಕ್ಕೆ ಚಾಚಿ, ಕುದುರೆಯ ಸೊಂಟದತ್ತ ಒರಗಿ ಕುಳಿತಿರುತ್ತಾನೆ. ಮುಂಗಾಲುಗಳ ಮೇಲೆ ಭಾರ ಬೀಳಬಾರದು, ತಾನೂ ತಲೆಯ ಮೇಲಿಂದ ಉರುಳಬಾರದು ಎಂಬುದು ಅವನ ಲೆಕ್ಕ. ಅಶ್ವದಳದ ಶಾಲೆಗಳೂ ಇದನ್ನೇ ಬೋಧಿಸಿದುವು. ಫಲವೇನಾಯಿತು? ಕುದುರೆಯು ಕುತ್ತಿಗೆಯನ್ನು ಚಾಚಬೇಕಾದ ಕ್ಷಣದಲ್ಲಿಯೇ ಲಗಾಮು ಬಾಯನ್ನು ಜಗ್ಗಿತು. ನೆಲ ಮುಟ್ಟುವ ಮೊದಲೇ ಸವಾರನ ಭಾರವೆಲ್ಲ ಸೊಂಟದ ಮೇಲೆ ಕುಸಿಯಿತು. ಬೇಲಿಯೆಂದರೆ ಬಾಯಿಗೆ ನೋವು ಎಂದರಿತ ಕುದುರೆ ಬೇಲಿಯ ಮುಂದೆ ನಿಂತುಬಿಟ್ಟಿತು. ಅದಕ್ಕೆ ಹಟಮಾರಿಯೆಂಬ ಹೆಸರೂ ಬಂದಿತು!

ಈ ಪದ್ಧತಿಯನ್ನು ಬುಡಮೇಲು ಮಾಡಿದವನು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ. 1868ರಲ್ಲಿ ಲಿವೊರ್ನೊ ಪಟ್ಟಣದಲ್ಲಿ ಹುಟ್ಟಿದ ಈತನು ಮಾಡಿದ್ದು ಇಷ್ಟೆ: ಸವಾರನಿಲ್ಲದ ಕುದುರೆ ಹೇಗೆ ಹಾರುತ್ತದೆಂಬುದನ್ನು ಕಣ್ಣಿಟ್ಟು ನೋಡಿದನು. ಅದು ಕುತ್ತಿಗೆಯನ್ನು ಚಾಚಿ, ಬೆನ್ನನ್ನು ಕಮಾನಾಗಿಸಿ, ಮುಂಗಾಲುಗಳ ಮೇಲೆಯೇ ಇಳಿಯುತ್ತದೆ. ಹಾಗಿದ್ದ ಮೇಲೆ ಸವಾರನು ಹಿಂದಕ್ಕೆ ಒರಗುವುದೇಕೆ? ರಿಕಾಪನ್ನು ಮೇಲೆತ್ತಿ, ಆಸನವನ್ನು ಜೀನಿನಿಂದ ಸ್ವಲ್ಪ ಬಿಡಿಸಿ, ಕುದುರೆಯೊಡನೆ ತಾನೂ ಮುಂದಕ್ಕೆ ಸಾಗಬೇಕು. ಕೈ ಬಾಯನ್ನು ಅನುಸರಿಸಬೇಕೇ ಹೊರತು ಸೆಳೆಯಬಾರದು. 1902ರಲ್ಲಿ ಟುರಿನ್ ನಗರದಲ್ಲಿ ಕಾಪ್ರಿಲ್ಲಿಯು ಮೆಲೋಪೊ ಎಂಬ ಕುದುರೆಯನ್ನು 2.08 ಮೀಟರು ಎತ್ತರ ಹಾರಿಸಿ ತೋರಿಸಿದನು. 1907ರಲ್ಲಿ ಅದೇ ನಗರದಲ್ಲಿ ಕುದುರೆಯಿಂದ ಬಿದ್ದು, 39ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಎತ್ತರದ ಬೇಲಿಗಳನ್ನು ಹಾರಿದವನಿಗೆ ಸಾವು ಬಂದುದು ಬೇಲಿಯಿಲ್ಲದ ಕಡೆಯಲ್ಲಿ.

ಆತನು ಬರೆದಿಟ್ಟದ್ದು ಅಲ್ಪ. ಶಿಷ್ಯರ ಮೂಲಕವೇ ವಿದ್ಯೆ ಹರಡಿತು. ಪಿನೆರೋಲೊ ಊರಿನ ಅಶ್ವಶಾಲೆಗೆ ಪರದೇಶದ ಅಧಿಕಾರಿಗಳು ಕಲಿಯಲು ಬಂದರು. 1920ರ ಆಂಟ್‌ವರ್ಪ್ ಒಲಿಂಪಿಕ್ ಪಂದ್ಯದಲ್ಲಿ ನೆಗೆತದ ಚಿನ್ನದ ಪದಕವು ಇಟಲಿಯ ತೊಮ್ಮಾಸೊ ಲೆಕ್ವಿಯೊಗೆ ದೊರೆಯಿತು. 1929ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಸವಾರಿಗೆಂದೇ ಪೋನಿ ಕ್ಲಬ್ ಸ್ಥಾಪಿತವಾಯಿತು. ಸೈನಿಕರಿಗಾಗಿ ಹುಟ್ಟಿದ ಆಸನವು, ಅಶ್ವದಳಗಳ ಕಾಲ ಮುಗಿಯುತ್ತ ಬಂದಂತೆ, ಮಕ್ಕಳ ಪಾಲಿಗೆ ಬಂದಿತು. ಹೊಸದಾಗಿ ಕಲಿಯುವ ಮಗುವಿಗಾಗಿ ತಟ್ಟುವಿನ ಕೊರಳಿಗೆ ಒಂದು ತೊಗಲಿನ ಪಟ್ಟಿಯನ್ನು ಕಟ್ಟುವುದುಂಟು. ಮಗು ಆಯತಪ್ಪಿದಾಗ ಅದನ್ನು ಹಿಡಿಯುತ್ತದೆ, ಲಗಾಮನ್ನಲ್ಲ.